ಐದು ಜನ, ಐದು ಜಾಗ

೧೪ ಜೂನ್, ಭಾನುವಾರ

ಮಗಳೇ,

ನಿನ್ನ ಅಮ್ಮ ಮಾಡುವ ಆಶೀರ್ವಾದ. ದೇವರ ದಯೆಯಿಂದ ದಿನ ದೂಡುತ್ತಿದ್ದೇವೆ. ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ. ಬರೆಯಲು ಕೂತರೆ ಕೈಯೇ ಓಡುತ್ತಿರಲಿಲ್ಲ.

ರಜೆಯಲ್ಲಿ ಬಂದಾಗ ನಮ್ಮ ನಲ್ಲಿ ಕಾರ್ಖಾನೆಯ ಕಂಪ್ಯೂಟರಿಗೆ ಸರದಿಯ ಪ್ರೋಗ್ರಾಂ ಬರೆದುಕೊಟ್ಟೆಯಲ್ಲ, ಅದರ ಮಾತು. ಆಗ ಏಳು ಹೆಂಗಸರು, ಏಳು ಜಾಗ. ನಲ್ಲಿ ತೊಳೆಯುವ ಆಸಿಡ್ ತೊಟ್ಟಿಯ ಹತ್ತಿರ ನಿಂತವಳು ಮರುವಾರ ಅದರ ಪಕ್ಕಕ್ಕೂ ಬರಬಾರದೆಂದು ಪ್ರತಿ ಸೋಮವಾರ ಎಲ್ಲರನ್ನೂ ಐದೈದು ಜಾಗ ಮುಂದೆ ಸರಿಸಿದ್ದೆ. "ಅಮ್ಮ, ಇದನ್ನ ಅರೇ ಅಂತಾರೆ, ಹೆಸರುಗಳ ಸಾಲು. ತುದಿ ದಾಟಿದೋರು ಮತ್ತೆ ಮೊದಲಿಂದ ಬರ್ತಾರೆ" ಎಂದು ಬೆರಳು ಮಡಚಿ ತೋರಿಸಿದ್ದೆ.

ಬೇಸಿಗೆಯಲ್ಲಿ ಇಬ್ಬರು ಕೆಲಸ ಬಿಟ್ಟರು. ಮೇಸ್ತ್ರಿ ಎರಡು ಹೆಸರನ್ನೂ ಎರಡು ಜಾಗವನ್ನೂ ಅಳಿಸಿದ. ಈಗ ಐದು ಜನ, ಐದು ಜಾಗ. ಐದು ಸರಿದರೆ ಒಂದು ಸುತ್ತು ಹಾಕಿ ಅವರವರ ಜಾಗಕ್ಕೇ ಬಂದು ನಿಲ್ಲುತ್ತೇವೆ. ಪರದೆಯ ಮೇಲೆ ಮಾತ್ರ "ಸರದಿ ಬದಲಾಯಿತು" ಎಂದು ಬರುತ್ತದೆ.

"ಗಾಣದ ಎತ್ತೂ ದಿನವೆಲ್ಲ ನಡೆಯುತ್ತೆ ಮೇಸ್ತ್ರಿ, ಯಾವೂರು ಮುಟ್ಟುತ್ತೆ?" ಎಂದಳು ಪ್ಯಾಕಿಂಗಿನ ಬಾಯಿಬಡುಕಿ.

ಮೇಸ್ತ್ರಿ ನಗಲಿಲ್ಲ. "ಯಜಮಾನರಿಗೆ ಗೊತ್ತು. ಕೈ ಪಳಗಿದೆ, ಕೆಲಸ ಬೇಗ ಆಗ್ತಿದೆ, ಹಾಗೇ ಇರಲಿ ಅಂದಿದ್ದಾರೆ." ಆಮೇಲೆ ನನ್ನ ಕಡೆ ತಿರುಗಿ, "ನಾಳೆ ಏನಾದ್ರೂ ಆದ್ರೆ ಬರೆದೋರು ಯಾರು ಅಂತ ಕೇಳ್ತಾರೆ ಅಮ್ಮ, ಯೋಚನೆ ಮಾಡಿ" ಎಂದ. ಮಾತು ಬೆಣ್ಣೆಯಂತಿತ್ತು.

ಅಂದಿನಿಂದ ತೊಟ್ಟಿಯ ಬಳಿಯೇ ನಿಂತಿರುವವಳು ನಿನ್ನ ಚಿಕ್ಕಮ್ಮ. ನಿನ್ನೆ ಒಲೆಯ ಮೇಲೆ ಹಾಲು ಸೀದು ಮನೆಯೆಲ್ಲ ಹೊಗೆಯಾಯಿತು. ಬೆನ್ನು ತಿರುಗಿಸಿ ಅಲ್ಲೇ ಕೂತಿದ್ದವಳಿಗೆ ವಾಸನೆಯೇ ತಿಳಿಯಲಿಲ್ಲ. ಕೆಮ್ಮಿದರೆ ಸೆರಗಿನಲ್ಲಿ ಕೆಂಪು. "ಎಲೆ ಅಡಿಕೆ" ಎನ್ನುತ್ತಾಳೆ. ಅವಳು ಎಲೆ ಅಡಿಕೆ ಬಿಟ್ಟು ಎಷ್ಟು ವರ್ಷವಾಯಿತೆಂದು ನಿನಗೇ ಗೊತ್ತು.

ಬಂದು ಆ ಐದನ್ನು ಬದಲಿಸು ಮಗಳೇ. ಯಾರೇನೇ ಅನ್ನಲಿ, ಜೊತೆಗೆ ನಾನಿರುತ್ತೇನೆ. ದೇವರು ನಿನ್ನ ತಲೆ ಕಾಯಲಿ.

ನಿನ್ನ
ಅಮ್ಮ

ತಾ.ಕ.: ಜಾಗ ಬದಲಿಸಿಕೊಳ್ಳೋಣ ಬಾರೇ ಎಂದು ಅವಳ ಕೈ ಹಿಡಿದು ಎಳೆದೆ. ಬರಲಿಲ್ಲ. "ಸುಮ್ನಿರಕ್ಕ. ನಮ್ಮ ಮಗು ಬರೆದದ್ದನ್ನ ತಪ್ಪು ಅಂತ ನಾವೇ ಊರಿಗೆ ಸಾರೋದಾ? ಆ ಬಾಯಿಬಡುಕಿಗೆ ಹೊಟ್ಟೆಕಿಚ್ಚು. ನನ್ನ ಸರದಿ ಮುಗಿದ ದಿನ ಆ ಕಂಪ್ಯೂಟರೇ ನನ್ನ ಕಳಿಸುತ್ತೆ" ಎಂದು ಕೈ ಬಿಡಿಸಿಕೊಂಡು ತೊಟ್ಟಿಯ ಕಡೆ ಹೋದಳು.