ಮಸ್ಕತ್ತಿನಿಂದ ಬರುವಾಗ ಎದುರುಗಾಳಿ

ಶ್ರೀಮನ್ಮಹಾರಾಜಾಧಿರಾಜ, ಸಂಶಿ ಸೀಮೆಯ ಸಾರ್ವಭೌಮ, ಎಲಿ-ಅಡಕಿ ಚೀಲದ ಏಕೈಕ ಒಡೆಯ, ಲಿಂಗೈಕ್ಯ ಕಾಕಾ ಅವರ ಪಾದಾರವಿಂದಗಳಿಗೆ, ಎಸ್ಸೆಲ್ಸಿಗೆ ಮೂರು ಸಲ ಮುತ್ತಿಗೆ ಹಾಕಿ ಗೆದ್ದ ನಿಮ್ಮ ಅಣ್ಣನ ಮಗನ ಶರಣು ಶರಣಾರ್ಥಿ.

ನಿಮ್ಮ ಕಾಯದೆ ನೆನಪಿದೆಯೇ? ಮಗಳ ಮನೆಯಲ್ಲಿ ಅಪ್ಪ ರಾತ್ರಿ ಇರಬಾರದು. ಬೆಳಿಗ್ಗೆ ಹೋಗಿ, ದೀಪ ಹಚ್ಚುವುದರೊಳಗೆ ಹೊರಬೀಳಲು ಆಗದ ಊರಿಗೆ ಹೆಣ್ಣು ಕೊಡಬಾರದು. ಸಂಜೆಯ ಬಸ್ಸಿಲ್ಲವೆಂಬ ಒಂದೇ ಕಾರಣಕ್ಕೆ ನವಲಗುಂದದ ಕಡೆಯ ಒಳ್ಳೆಯ ವರನನ್ನು ಬಿಟ್ಟವರು ನೀವು. ಅಂಥ ನಿಮ್ಮೆದುರು ಅಣ್ಣಿಗೇರಿಯವರು ಬಂದು ಕುಳಿತು, ನಮ್ಮ ಹುಡುಗ ಮಸ್ಕತ್ತಿನಲ್ಲಿ ನೌಕರಿಗಿದ್ದಾನೆ ಅಂದರು. ನಿಮ್ಮ ಮಗಳು ಶಾಂತಕ್ಕ ಬಾಗಿಲ ಹಿಂದೆ ನಿಂತಿದ್ದಳು. ನೋಡಲು ಬಂದ ದಿನವೇ ಹುಡುಗ ಅವಳ ಮನಸ್ಸಿಗೆ ಬಂದಿದ್ದ. ನಿಮಗೆ ಮಾತ್ರ...

"ವಿಮಾನ ಮುಂಬಯಿ ಒಂಬತ್ತಕ್ಕ ಬಿಟ್ರ ಮಸ್ಕತ್ ಹತ್ತಕ್ಕರಿ," ಎಂದರು ವರನ ಕಡೆಯ ಹಿರಿಯರು.

ನಿಮ್ಮ ಹುಬ್ಬು ಏರಿತು. "ಒಂದ ತಾಸು? ಹುಬ್ಬಳ್ಳಿ ಬಸ್ಸಿಗೂ ಅದಕಿಂತ ಹೆಚ್ಚ ಹಿಡೀತೈತಿ! ಬರೂದು?"

"ಅಲ್ಲಿ ಹನ್ನೊಂದಕ್ಕ ಬಿಟ್ರ ಇಲ್ಲಿ ಮೂರಕ್ಕರಿ."

ನೀವು ನನ್ನ ಕಡೆ ತಿರುಗಿದಿರಿ. "ಹೋಗಾಕ ಒಂದ ತಾಸು, ಬರಾಕ ನಾಕ ತಾಸು. ಇದ್ಹೆಂಗಲೇ, ಶಾಣ್ಯಾ?"

ನಾನು ಗಂಟಲು ಸರಿಮಾಡಿಕೊಂಡು, ನ್ಯಾಯಾಧೀಶರ ಮುಖ ಮಾಡಿಕೊಂಡು, "ಬರೂವಾಗ ಎದುರುಗಾಳಿ ಇರತೈತ್ರಿ ಕಾಕಾ" ಅಂದೆ. ಗುಡಗೇರಿ ಸಂತೆಗೆ ಜೀವಮಾನವಿಡೀ ಸೈಕಲ್ ತುಳಿದವರಿಗೆ ಎದುರುಗಾಳಿಯನ್ನು ಬಿಡಿಸಿ ಹೇಳಬೇಕೇ?

"ಖರೇ ಐತಿ," ಅಂದಿರಿ. "ಮಗಳ ಕೈಯಾಗಿನ ಚಾ ಕುಡದ ಎದ್ದ ಬಂದ್ರಾತು. ಮುಂಬಯಿದಾಗಿನ ರಾತ್ರಿ ಮಗಳ ಮನ್ಯಾಗಿನ ರಾತ್ರಿ ಅಲ್ಲ. ಹೆಣ್ಣು ಕೊಟ್ಟೆ, ತಗೋರಿ!"

ಆ ಚಹಾ ಕುಡಿಯಲು ನೀವು ಹೋಗಲೇ ಇಲ್ಲ. ಹಾಸಿಗೆ ಹಿಡಿದಿರಿ. ಅಕ್ಕನಿಗೆ ತಂತಿ ಹೋಯಿತು. ಎಲ್ಲರೂ ಬಾಗಿಲು ನೋಡುತ್ತಿದ್ದರೆ ನೀವೊಬ್ಬರೇ ನಿಶ್ಚಿಂತರು. "ಗದ್ಲ ಮಾಡಬ್ಯಾಡ್ರಿ. ಎದುರುಗಾಳಿ ಅಲ್ಲೇನು, ತಡಾ ಆಕ್ಕೈತಿ." ಅದೇ ನಿಮ್ಮ ಕೊನೆಯ ಮಾತು. ಅಲ್ಲಿ ನಗಬೇಕಿತ್ತೋ ಏನೋ, ನಾನಂತೂ...

ನೀವು ಹೋಗಿ ತಿಂಗಳಾದ ಮೇಲೆ ಊರೆಲ್ಲ ಹೇಳಿಕೊಂಡು ತಿರುಗಿದೆ: ಎದುರುಗಾಳಿಯ ಟೊಪ್ಪಿಗೆ ಹಾಕಿ ಅಕ್ಕನ ಮದುವೆ ಕುದುರಿಸಿದ ಚಾಣಾಕ್ಷ ನಾನೇ ಎಂದು. ಜನ ನಕ್ಕರು, ಬೆನ್ನು ತಟ್ಟಿದರು.

ನಿಮಗೆ ಗೊತ್ತಿಲ್ಲದ ಸುದ್ದಿ ಇನ್ನೊಂದಿದೆ. ಅಕ್ಕ ಬಂದಳು ಕಾಕಾ, ನಿಮ್ಮನ್ನು ಮಣ್ಣು ಮಾಡಿದ ಮರುದಿನ. ಹೊಲದಲ್ಲಿ ನಿಮ್ಮ ಬಾಜು ಬಹಳ ಹೊತ್ತು ಕುಳಿತಿದ್ದಳು. ಅವಳನ್ನು ಮಾತಿಗೆಳೆಯಲೆಂದು ನನ್ನ ಪರಾಕ್ರಮ ಹೇಳಿಕೊಂಡೆ.

"ಸಾಕ್ ಬಿಡಲೇ," ಅಂದಳು. "ಅಲ್ಲಿ ಗಡಿಯಾರ ಇಲ್ಲಿಗಿಂತ ಒಂದೂವರಿ ತಾಸು ಹಿಂದ ಇರತೈತಿ. ಹೋಗಾಕೂ ಎರಡೂವರಿ ತಾಸು, ಬರಾಕೂ ಅಷ್ಟ. ನೋಡಾಕ ಬಂದಾಗ ಅವರ ಕೈಗಡಿಯಾರ ಹಿಂದಿತ್ತು. ಕೆಟ್ಟೈತೇನ್ರಿ ಅಂತ ಕೇಳಿದ್ದೆ, ಆಗ ಹೇಳಿದ್ರು. ನೀ ಎದುರುಗಾಳಿ ಅಂದಾಗ ನಾ ಬಾಯಾಗ ಸೆರಗ ತುರುಕೊಂಡ ನಿಂತಿದ್ದೆ. ಅಪ್ಪಗ ಖರೇ ಹೇಳಿದ್ರ ಎಲ್ಲಿ ಬ್ಯಾಡ ಅಂತಾನೋ ಅಂತ..." ಮತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಗಡಿಯಾರದ ವಿಷಯ ನನಗೂ ಗೊತ್ತಿತ್ತು ಬಿಡು," ಅಂದೆ, ಅಗದಿ ಗಂಭೀರವಾಗಿ.

ಗೊತ್ತಿರಲಿಲ್ಲ ಕಾಕಾ. ನಾನೂ ಎದುರುಗಾಳಿ ಅಂತಲೇ ತಿಳಿದಿದ್ದೆ.