ಕುಡಿ ಎಡಕ್ಕೆ

ಗ್ರೇಟರ್ ನೋಯ್ಡಾ
ನವೆಂಬರ್ ೨೦೦೬

ಅಪ್ಪ,

ನನ್ನ ಫ್ಲಾಟ್ ಮಾರುತ್ತಿದ್ದೇನೆ. ನೀವು ಹೋದಮೇಲೆ ಕರೋಲ್ ಬಾಗಿನ ನಮ್ಮ ಹೋಟೆಲಿನ ಜಾಗವನ್ನು ಮಾಲೀಕ ಮಾರಲು ಹೊರಟಿದ್ದಾನೆ. ಅದನ್ನು ನಾನೇ ಕೊಳ್ಳುತ್ತೇನೆ, ಹೋಟೆಲನ್ನೂ ನಾನೇ ನಡೆಸುತ್ತೇನೆ. ಬೇಡ ಎನ್ನಲು ನೀವಿಲ್ಲ, ಇದ್ದಿದ್ದರೂ ನಾನು ಕೇಳುತ್ತಿರಲಿಲ್ಲ.

ನೋಡಲು ಬರುವವರಿಗೆ ಮನೆ ಚೆನ್ನಾಗಿ ಕಾಣಲೆಂದು ಬ್ರೋಕರ್ ಇವತ್ತು ಜಸ್ಲೀನ್ ಎಂಬ ಡೆಕೊರೇಟರ್ ಹುಡುಗಿಯನ್ನು ಕಳಿಸಿದ್ದ.

"ದೀದಿ, ಮಾಡರ್ನ್ ಮಾಡೋಣವಾ, ರಾಜಸ್ಥಾನಿ ಮಾಡೋಣವಾ?"

ಎರಡೂ ಬೇಡವೆಂದೆ.

"ಅಚ್ಛಾ, ಹಾಗಾದರೆ ಸೌತ್ ಇಂಡಿಯನ್!" ಎಂದು ಊಟದ ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಬಾಳೆಲೆ ಹಾಸಿದಳು. ಎಲೆಯ ಕುಡಿ ಬಲಕ್ಕಿತ್ತು.

ತಿಥಿಯ ದಿನ ಬಿಟ್ಟರೆ ನಮ್ಮಲ್ಲಿ ಯಾರು ಹಾಗೆ ಹಾಕುತ್ತಾರೆ? ಹೋಟೆಲಿಗೆ ಹೊಸದಾಗಿ ಸೇರಿದವರಿಗೆಲ್ಲ ನಿಮ್ಮ ಮೊದಲ ಪಾಠವೇ ಅದು: "ಕುಡಿ ಎಡಕ್ಕೆ ಬರಬೇಕು ಮಾರಾಯ, ಉಣ್ಣುವವ ಬದುಕಿದ್ದಾನೆ!"

ಎಲೆಯನ್ನು ತಿರುಗಿಸಿ ಇಟ್ಟೆ. "ಬೇರೇನೂ ಬೇಡ, ಇದೊಂದು ಸಾಕು" ಎಂದೆ. ಅವಳು ವಾದಿಸಿದಳು, ನಾನು ಜಗ್ಗಲಿಲ್ಲ. ಕೊನೆಗೆ ಕುರ್ಚಿಯನ್ನು ತುಸು ಹಿಂದಕ್ಕೆಳೆದಳು. "ಯಾರೋ ಕೈ ತೊಳೆದು ಬಂದು ಈಗ ಕೂರುತ್ತಾರೆ ಅನ್ನಿಸಬೇಕು, ದೀದಿ."

ಹಾಗೆಯೇ ಅನ್ನಿಸುತ್ತಿತ್ತು.

ನಾಳೆ ಕೊಳ್ಳುವವರು ಬರುತ್ತಾರೆ. ದರದಲ್ಲಿ ನಾನು ಬಗ್ಗುವುದಿಲ್ಲ. ಅಲ್ಲಿಯವರೆಗೆ ಎಲೆ ಅಲ್ಲೇ ಇರಲಿ. ಊರಿಗೆಲ್ಲ ಎಲೆ ಹಾಕಿದ ನಿಮಗೆ ನನ್ನ ಮನೆಯಲ್ಲಿ ಹಾಕಿದ ಮೊದಲ ಎಲೆ ಅದು.

ಅಮಿತಾ