ಆ ತುದಿ ಹಿಡಿಯುವವರು

ಫೆಬ್ರವರಿ ೧೬, ಭಾನುವಾರ
ಇಸ್ತ್ರಿ ಕೋಣೆಯಿಂದ

ಪ್ರೀತಿಯ ಅಣ್ಣನಿಗೆ,

ನಿನ್ನ ಇಲಿಮರಿಯ ನಮಸ್ಕಾರ. ನಾವೆಲ್ಲ ಚೆನ್ನಾಗಿದ್ದೇವೆ. ಕಾಗದದ ಮೊದಲ ಸಾಲಿನಲ್ಲಿ ಎಲ್ಲರೂ ಹೀಗೇ ಬರೆಯುತ್ತಾರೆ ಎಂದು ದಾಟಿಕೊಂಡು ಹೋಗಬೇಡ, ಇನ್ನೊಂದು ಸಲ ಓದು. ನಾವೆಲ್ಲ ನಿಜವಾಗಿಯೂ ಚೆನ್ನಾಗಿದ್ದೇವೆ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಮುಂದಿನದನ್ನು ಓದಬೇಕು, ಯಾಕೆಂದರೆ ನಡುವೆ ಹೆದರಿಕೆಯಾಗುವಂಥದ್ದು ಸ್ವಲ್ಪ ಬರುತ್ತದೆ.

ನಿನ್ನ ಕಾರ್ಡು ಮಳೆಗಾಲದಲ್ಲೇ ಬಂತು. ಹಗಲು ಪ್ರೆಸ್ಸಿನಲ್ಲಿ ಕೆಲಸ, ಸಂಜೆ ಶಾಲೆ ಎಂದು ನೀನು ಬರೆದದ್ದನ್ನು ಅಮ್ಮ ಲಾಂಡ್ರಿಗೆ ಬಂದ ಗಿರಾಕಿಗಳಿಗೆಲ್ಲ ತೋರಿಸಿ ತೋರಿಸಿ ಕಾರ್ಡಿನ ಮೂಲೆಗಳು ಮೆತ್ತಗಾಗಿವೆ. ಈಗ ಅದು ಬಟ್ಟೆಗೆ ಹಾಕುವ ಗಂಜಿಯ ಡಬ್ಬಕ್ಕೆ ಒರಗಿಕೊಂಡು ನಿಂತಿದೆ. ಉತ್ತರ ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. 'ನಾನು ಎದ್ದು ಓಡಾಡೋ ತನಕ ಅವನಿಗೆ ಒಂದಕ್ಷರ ಬರೀಕೂಡದು. ಓದೋ ಹುಡುಗನ ತಲೆ ಕೆಡಿಸಬೇಡಿ' ಎಂದು ಅಮ್ಮ ಆಸ್ಪತ್ರೆಗೆ ಹೋಗುವ ಮುಂಚೆ ಅಪ್ಪಣೆ ಮಾಡಿದ್ದಳು. ನಿನ್ನೆ ಅವಳು ತಾನೇ ಸ್ಲೇಟಿನ ಮೇಲೆ 'ಈಗ ಬರಿ' ಎಂದು ಬರೆದು ನನ್ನ ಮುಂದೆ ಹಿಡಿದಳು. ಅದಕ್ಕೇ ಬರೆಯುತ್ತಿದ್ದೇನೆ.

ಸ್ಲೇಟು ಯಾಕೆ ಎಂದು ಕೇಳುತ್ತೀಯ. ಅಣ್ಣ, ಅಮ್ಮನ ಗಂಟಲಲ್ಲಿ ಒಂದು ಗಂಟು ಬೆಳೆದಿತ್ತು. ನೀನಿದ್ದಾಗಲೇ ಅವಳ ದನಿ ಗೊಗ್ಗರಾಗಿತ್ತಲ್ಲ, ಸೋಪಿನ ಹಬೆಗೆ ಹೀಗಾಗಿದೆ ಎಂದುಕೊಂಡಿದ್ದೆವು. 'ದನಿಪೆಟ್ಟಿಗೆ ತೆಗೀಬೇಕು. ಜೀವ ಉಳಿಸ್ತೀನಿ. ದನಿ ಉಳಿಸ್ತೀನಿ ಅಂತ ಮಾತ್ರ ಹೇಳಲಾರೆ' ಎಂದರು ಡಾಕ್ಟರು. ಅಮ್ಮ ಸ್ವಲ್ಪವೂ ಯೋಚಿಸದೆ, 'ಜೀವ ಇಟ್ಕೊಳ್ಳೋಣ ಬಿಡಿ. ಬೈಯೋಕೆ ಕಣ್ಣೇ ಸಾಕು' ಎಂದಳು.

ಆಸ್ಪತ್ರೆಗೆ ಹೊರಡುವ ಹಿಂದಿನ ಸಂಜೆ ಅಪ್ಪ ಬೇಗ ಬಾಗಿಲು ಹಾಕಿದರು. ನಾವೆಲ್ಲ ಇಸ್ತ್ರಿ ಮೇಜಿನ ಸುತ್ತ ಕುಳಿತೆವು. ಅದರ ಮೇಲಿನ ಕಂಬಳಿ ಇನ್ನೂ ಬೆಚ್ಚಗಿತ್ತು. ಅಮ್ಮ ಜೀವನಪೂರ್ತಿ ನೆನಪಿಡುವಂಥ ಒಂದು ಮಾತು ಹೇಳುತ್ತಾಳೆ ಎಂದು ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದೆವು. ಅವಳೂ ಬಾಯಿ ತೆರೆದಳು. ಅಷ್ಟರಲ್ಲಿ ನಮ್ಮೆಲ್ಲರಿಗಿಂತ ಚಿಕ್ಕವನಾದ ಚೋಟು ಒಗೆಯುವ ಕಲ್ಲಿನ ಕಡೆಯಿಂದ ಓಡಿ ಬಂದವನು ನೆಲದ ಮೇಲಿದ್ದ ಹೋಟೆಲಿನ ಬಟ್ಟೆ ಗಂಟಿನ ಮೇಲೆ ಹತ್ತಿ ನಿಂತ. 'ಯಾವನೋ ಅದು, ಒದ್ದೆ ಕಾಲಲ್ಲಿ ಒಗೆದ ಬಟ್ಟೆ ತುಳಿಯೋನು!' ಎಂದು ಅಮ್ಮ ಕಿರುಚಿದಳು. ಆಮೇಲೆ ನಕ್ಕು ನಕ್ಕು ಕೆಮ್ಮು ಹತ್ತಿ ದನಿ ಪೂರ್ತಿ ಕಟ್ಟಿಹೋಯಿತು. ನಾವು ಅವಳ ಬಾಯಿಂದ ಕೇಳಿದ ಕೊನೆಯ ಮಾತು ಅದೇ. ಚೋಟುವಿಗೆ ಈಗ ಭಾರಿ ಜಂಬ. 'ಅಮ್ಮ ಕೊನೇ ಸಲ ಮಾತಾಡಿದ್ದು ನನ್ನ ಹತ್ರ' ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾನೆ.

ಆಪರೇಷನ್ ಚೆನ್ನಾಗಿ ಆಯಿತು. ಕುತ್ತಿಗೆಗೆ ಒಂದು ತೆಳು ಬಟ್ಟೆ ಸುತ್ತಿಕೊಂಡು, ಸೊಂಟಕ್ಕೆ ಸ್ಲೇಟು ಸಿಕ್ಕಿಸಿಕೊಂಡು, ಮೊದಲಿನ ಹಾಗೇ ಎಲ್ಲರನ್ನೂ ಕುಣಿಸುತ್ತಿದ್ದಾಳೆ. ಪಕ್ಕದಲ್ಲಿಟ್ಟುಕೊಂಡ ತಗಡಿನ ಮೇಲೆ ಒಂದು ಸಲ ಬಡಿದರೆ ಅವಳಿಗಳು ಬರಬೇಕು, ಎರಡು ಸಲ ಬಡಿದರೆ ಎಲ್ಲರೂ ಸುಮ್ಮನಾಗಬೇಕು, ಅದರಲ್ಲೂ ಮಾತುಮಾತಿಗೂ ಯಾಕೆ ಎನ್ನುವ ನಮ್ಮ ಯಾಕಪ್ಪ. ಎರಡು ಸಲ ಬಡಿಯುವುದೇ ಜಾಸ್ತಿ.

ಆದರೆ ನಮ್ಮ ಮನೆಶಾಲೆಗೆ ಕಂಟಕ ಬಂತು. ಶಾಲೆಯ ಕಾನೂನು ನಿನಗೆ ನೆನಪಿದೆಯಲ್ಲ, ಕಲಿತದ್ದನ್ನು ಕೆಳಗಿನವರಿಗೆ ಹೇಳಿಕೊಡುವ ತನಕ ಕಲಿತಂತಲ್ಲ. ಅಮ್ಮ ನಿನಗೆ, ನೀನು ನನಗೆ, ನಾನು ಅವಳಿಗಳಿಗೆ, ಅವಳಿಗಳು ಯಾಕಪ್ಪನಿಗೆ, ಯಾಕಪ್ಪ ಗುಂಡಮ್ಮನಿಗೆ, ಗುಂಡಮ್ಮ ಚೋಟುವಿಗೆ, ಚೋಟು ಬೆಕ್ಕಿಗೆ. ನೀನು ಹೋದ ಮೇಲೆ ಅಮ್ಮನೇ ನೇರವಾಗಿ ನನಗೆ ಹೇಳಿಕೊಡುತ್ತಿದ್ದಳು. ಬೆಕ್ಕು ಇನ್ನೂ ಒಂದನೇ ಕ್ಲಾಸಿನಲ್ಲೇ ಇದೆ.

ಶಿಕ್ಷಣ ಕಚೇರಿಯಿಂದ ಒಬ್ಬರು ಮೇಡಂ ಬಂದರು. ಕೆಟ್ಟವರೇನಲ್ಲ. ಗಟ್ಟಿ ದನಿ, ಕನ್ನಡಕದ ಒಂದು ಕಾಲಿಗೆ ದಾರ ಸುತ್ತಿತ್ತು. 'ತಪ್ಪು ತಿಳ್ಕೋಬೇಡಿ. ತಾಯಿ ಪಾಠ ಹೇಳ್ತಾರೆ ಅಂತ ಮನೇಲಿ ಕಲಿಸೋಕೆ ಒಪ್ಪಿಗೆ ಕೊಟ್ಟಿರೋದು. ಈಗ ಅವರಿಗೇ ಮಾತಿಲ್ಲ' ಎಂದರು.

'ಮಾತಿಲ್ಲ, ತಲೆ ಇದೆ ಮೇಡಂ' ಎಂದರು ಅಪ್ಪ.

'ಇರಲಿ. ಮನೇಲಿ ಹದಿನೆಂಟು ತುಂಬಿದವರು ಯಾರಾದ್ರೂ ನನ್ನೆದುರಿಗೆ ಪಾಠ ಮಾಡಿ ತೋರಿಸಲಿ, ಒಪ್ಪಿಗೆ ಮುಂದುವರಿಸ್ತೀನಿ. ಇಲ್ಲದಿದ್ರೆ ಚಿಕ್ಕವರನ್ನ ಹಾಸ್ಟೆಲ್ ಶಾಲೆಗಳಿಗೆ ಸೇರಿಸಬೇಕಾಗುತ್ತೆ. ಐದು ಜನಕ್ಕೂ ಒಂದೇ ಕಡೆ ಜಾಗ ಸಿಗಲ್ಲ ಅಂತ ಈಗಲೇ ಹೇಳಿಬಿಡ್ತೀನಿ.'

ಅವಳಿಗಳು ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ಎಲ್ಲರೂ ನನ್ನನ್ನು ನೋಡಿದರು. ನಾನು ನನ್ನ ಕಾಲ್ಬೆರಳು ನೋಡಿಕೊಂಡೆ. ಹದಿನೆಂಟು ತುಂಬಿ, ಇಸ್ತ್ರಿಪೆಟ್ಟಿಗೆ ಬಿಟ್ಟು ಬರಬಲ್ಲವಳು ಆ ಕೋಣೆಯಲ್ಲಿ ನಾನೊಬ್ಬಳೇ.

ನನ್ನ ಹಣೆಬರಹ ನಿನಗೆ ಗೊತ್ತು. ಮನೆಯವರ ಜೊತೆ ವಟವಟ, ಹೊರಗಿನವರು ಬಂದರೆ ಬಾಯಿಗೆ ಬೀಗ. ನಾಲ್ಕನೇ ಕ್ಲಾಸಿನಲ್ಲಿ ಉತ್ತರ ಗೊತ್ತಿದ್ದೂ ಹೇಳಲಾರದೆ ಬೆಂಚಿನ ಮೇಲೆ ನಿಂತು ನಿಂತು, ಕೊನೆಗೆ ಅಮ್ಮ ಒದ್ದೆ ಕೈಯಲ್ಲೇ ಬಂದು, 'ನನ್ನ ಮಗಳಿಗೆ ಒಗ್ಗದ ಗಾಳಿ ನನ್ನ ಯಾವ ಮಕ್ಕಳಿಗೂ ಬೇಡ' ಎಂದು ಎಲ್ಲರನ್ನೂ ಬಿಡಿಸಿಕೊಂಡು ಬಂದಳಲ್ಲ. ಆ ವರ್ಷ ನೀನು ಇಡೀ ಶಾಲೆಗೇ ಮೊದಲನೆಯವನು. ಹಾಗೆ ನನ್ನ ದೆಸೆಯಿಂದ ಶುರುವಾದ ಮನೆಶಾಲೆ ಈಗ ನನ್ನ ದೆಸೆಯಿಂದಲೇ ಮುಚ್ಚಿಹೋಗುವ ಹಾಗಾಯಿತು.

ಪಕ್ಕದ ಮನೆಯ ದರ್ಜಿ ಅತ್ತೆಯನ್ನು ಮೇಡಂ ಎಂದು ಕೂರಿಸಿ ಅಭ್ಯಾಸ ಶುರು ಮಾಡಿದೆವು. ಅತ್ತೆ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡು ಗಂಭೀರವಾಗಿ ಕುಳಿತರು. ನನ್ನ ಬಾಯಿಗೆ ಮತ್ತೆ ಬೀಗ ಬಿತ್ತು. 'ಅಯ್ಯೋ, ನಾನು ಬರೀ ದರ್ಜಿ ಕಣೇ! ಇವತ್ತು ಅಳತೇನೂ ತಗೊಳ್ಳಲ್ಲ, ಮಾತಾಡೇ ತಾಯಿ!' ಎಂದು ಅತ್ತೆ ಅಂಗಲಾಚಿದರು. ಅವರು ಹಾಗೆ ಬೇಡಿಕೊಂಡಷ್ಟೂ ನಾನು ಬಾಗಿಲ ಮರೆಗೆ ಸರಿದೆ.

ಉಪಾಯ ಹೊಳೆದದ್ದು ಅವಳಿಗಳಿಗೆ. 'ಅಕ್ಕನಿಗೆ ಯಾರೂ ಕಾಣದ ಹಾಗೆ' ಎಂದು ಒಬ್ಬಳು ಶುರು ಮಾಡಿದಳು. 'ಒಂದು ಶೀಟು ಕಟ್ಟಿದ್ರೆ?' ಎಂದು ಇನ್ನೊಬ್ಬಳು ಮುಗಿಸಿದಳು. ಹೋಟೆಲಿನ ದೊಡ್ಡ ಬೆಡ್‌ಶೀಟನ್ನು ತಂತಿಗೆ ಹಾಕಿ ನನ್ನನ್ನು ಹಿಂದೆ ನಿಲ್ಲಿಸಿದರು. ಅಣ್ಣ, ಏನಾಶ್ಚರ್ಯ ಅಂತೀಯ, ದನಿ ಬಂತು! ಆ ಬಿಳಿ ಬಟ್ಟೆಯ ಹಿಂದೆ ನಿಂತು ನಾನು ಭೂಗೋಳ ಹೇಳಿದೆ, ಲೆಕ್ಕ ಹೇಳಿದೆ. ದರ್ಜಿ ಅತ್ತೆಯ ಮೇಲೆ ರೇಗಿಯೂ ಬಿಟ್ಟೆ, ಅವರು ತೂಕಡಿಸುತ್ತಿದ್ದರು.

ಚೋಟು ನನ್ನ ಜಡೆ ಎಳೆಯುತ್ತಿದ್ದಾನೆ, ಪೆನ್ನು ಬೇಕಂತೆ. ಉಳಿದದ್ದು ನಾಳೆ.

ಸೋಮವಾರ ಬೆಳಿಗ್ಗೆ

ಮೇಡಂ ಪಾಠ ನೋಡಲು ಮತ್ತೆ ಬಂದ ದಿನದ ಕಥೆಗೆ ಬರುತ್ತೇನೆ. ಇಸ್ತ್ರಿ ಕೋಣೆಗೆ ಅಡ್ಡಲಾಗಿ ಶೀಟು, ಅದರ ಹಿಂದೆ ನಾನು, ಮುಂದೆ ಐದು ಜನ ಸಾಲಾಗಿ, ಮೂಲೆಯ ಸ್ಟೂಲಿನ ಮೇಲೆ ಅಮ್ಮ. ಮೇಡಂ ಬಂದು, 'ಇದೇನಿದು?' ಎಂದರು.

'ಇನ್ನೂ ಒಣಗಿಲ್ಲ ಮೇಡಂ, ಅದರ ಪಾಡಿಗೆ ಅದು ಇರಲಿ' ಎಂದರು ಅಪ್ಪ. ಅಪ್ಪನಿಗೆ ಸುಳ್ಳು ಹೇಳಲು ಎಲ್ಲಿ ಬರುತ್ತದೆ? ಮೇಡಂ ಅಂಚನ್ನು ಮುಟ್ಟಿ ನೋಡಿ, 'ಒಣಗೋದಿರಲಿ, ಇಸ್ತ್ರಿನೂ ಆಗಿದೆಯಲ್ರೀ!' ಎಂದರು. ಗುಂಡಮ್ಮ ಕಿಸಕ್ಕನೆ ನಕ್ಕಳು. ಅಮ್ಮ ತಗಡನ್ನು ಎರಡು ಸಲ ಬಡಿದಳು.

ನಾನು ಪಾಠ ಶುರು ಮಾಡಿದೆ. ದನಿ ನಡುಗಲಿಲ್ಲ. ನದಿಗಳು ಎಲ್ಲಿಂದ ಎಲ್ಲಿಗೆ ಹರಿಯುತ್ತವೆ ಎಂದು ಹೇಳುತ್ತಾ ಅರ್ಧ ದಾರಿ ಬಂದಿದ್ದೆ. ಆಗ ಮೇಡಂ ಅಂದರು: 'ದನಿ ಚೆನ್ನಾಗಿದೆ. ಆದ್ರೆ ನಾನು ಬೆಡ್‌ಶೀಟಿಗೆ ಒಪ್ಪಿಗೆ ಕೊಡೋಕಾಗಲ್ಲ. ಪಾಠ ಮಾಡೋರ ಮುಖ ನೋಡಬೇಕು. ಆಚೆ ಬಾಮ್ಮ.'

ಶೀಟಿನ ಕೆಳಗಿಂದ ನನಗೆ ಅವರ ಚಪ್ಪಲಿ ಕಾಣುತ್ತಿತ್ತು, ತಮ್ಮಂದಿರ, ತಂಗಿಯರ ಬರಿಗಾಲು ಕಾಣುತ್ತಿದ್ದವು. ನನ್ನ ಕಾಲು ಮಾತ್ರ ಕೀಳಲು ಆಗಲಿಲ್ಲ. ಮುಗಿಯಿತು ಎಂದುಕೊಂಡೆ. ಚೋಟುವಿನ ಬಟ್ಟೆಯನ್ನು ಹಾಸ್ಟೆಲಿನ ಯಾವ ಚೀಲಕ್ಕೆ ತುಂಬುವುದು ಎಂದೂ ಯೋಚನೆ ಬಂದುಹೋಯಿತು.

ಆಗ ಯಾಕಪ್ಪ ಬಾಯಿ ಹಾಕಿದ. 'ಅಕ್ಕಾ, ಒಂದು ಡೌಟು. ಕಾಲು ಭಾಗಕ್ಕಿಂತ ಎಂಟನೇ ಒಂದು ಭಾಗ ದೊಡ್ಡದು ಅಲ್ವಾ?'

'ಅಲ್ಲ ಕಣೋ, ಚಿಕ್ಕದು' ಎಂದೆ ಶೀಟಿನ ಹಿಂದಿನಿಂದ.

'ಯಾಕೆ? ನಾಲ್ಕಕ್ಕಿಂತ ಎಂಟು ದೊಡ್ಡದು ತಾನೇ?'

'ಪಾಲು ಜಾಸ್ತಿಯಾದ್ರೆ ತುಂಡು ಸಣ್ಣದಾಗುತ್ತೆ.'

'ಯಾಕೆ?'

'ಯಾಕೆ ಅಂದ್ರೆ ಹಾಗೇ!'

'ಹಾಗೇ ಅಂದ್ರೆ ಯಾಕೆ? ನೀನು ತಪ್ಪು ಹೇಳ್ತಿದೀಯ ಅಕ್ಕ. ಎಂಟೇ ದೊಡ್ಡದು.'

ನನಗೆ ಎಲ್ಲಿತ್ತೋ ಸಿಟ್ಟು. 'ತಡಿ, ನಿನಗೆ ಕಣ್ಣಿಗೆ ಕಾಣಿಸಿದ್ರೇನೇ ಸರಿ' ಎಂದು ತಂತಿಯಿಂದ ಶೀಟು ಎಳೆದುಬಿಟ್ಟೆ. ಎರಡು ಮೂಲೆ ನನ್ನ ಕೈಯಲ್ಲಿ. ದೊಡ್ಡ ಶೀಟು ಮಡಿಸಲು ಇಬ್ಬರು ಬೇಕೇ ಬೇಕಲ್ಲ. 'ಆ ತುದಿ ಹಿಡ್ಕೋ' ಎಂದೆ, ನೀನಿದ್ದಾಗ ದಿನಾ ಕೆಲಸದ ಹೊತ್ತಿನಲ್ಲಿ ಹೇಳುತ್ತಿದ್ದ ಹಾಗೆ, ಯಾರಿಗೆ ಎಂದು ನೋಡದೆ. ಹಿಡಿದದ್ದು ಮೇಡಂ! ಹತ್ತಿರ ಇದ್ದವರು ಅವರೇ.

ಅಂಚಿಗೆ ಅಂಚು ಕೂಡಿಸಿ ಉದ್ದಕ್ಕೆ ಮಡಿಸಿದೆವು. 'ಅರ್ಧ' ಎಂದೆ. ನಾನು ಅವರ ಕಡೆ ನಡೆದೆ, ಅವರು ನನ್ನ ಕಡೆ ಬಂದರು. 'ಕಾಲು.' ಮಡಿಕೆ ಹಿಡಿದು ಹಿಂದೆ ಸರಿದು, ಮತ್ತೆ ಎದುರುಬದುರಾಗಿ ಬಂದೆವು. 'ಎಂಟನೇ ಒಂದು. ನೋಡೋ ಈಗ, ಯಾವುದು ಚಿಕ್ಕದು?' ಎಂದು ತಲೆಯೆತ್ತಿದರೆ ನನ್ನ ಮೂಗಿನೆದುರಿಗೆ ಮೇಡಂ ಮೂಗು. ಅವರ ಬೆರಳು ನನ್ನ ಬೆರಳಿಗೆ ತಾಗುತ್ತಿತ್ತು. ನಡುವೆ ಇದ್ದದ್ದು ಒಂದು ದಿಂಬಿನಷ್ಟು ಬಟ್ಟೆ.

ಇನ್ನೇನು ಹೆದರಿಕೆ ಬರಬೇಕು, ಅಷ್ಟರಲ್ಲಿ ಮೇಡಂ ಕೇಳಿದರು: 'ಅಂಥ ಎಂಟು ಭಾಗ ಸೇರಿಸಿದ್ರೆ ಏನಾಗುತ್ತೆ?'

ನಾನು ಗುಂಡಮ್ಮನ ಕಡೆ ತಿರುಗಿದೆ. 'ಹೇಳು.'

'ಒಂದು ಶೀಟು' ಎಂದಳು ಗುಂಡಮ್ಮ. 'ನಮ್ಮದಲ್ಲ, ಹೋಟೆಲಿಂದು.'

ಮೇಡಂ ಎಷ್ಟು ನಕ್ಕರೆಂದರೆ ದಾರ ಬಿಚ್ಚಿಕೊಂಡು ಕನ್ನಡಕ ಜಾರಿತು. ನಾನೂ ನಕ್ಕೆ. ಹೊರಗಿನವರ ಎದುರಿಗೆ ಬಾಯಿ ತುಂಬಾ ನಕ್ಕದ್ದು ಅದೇ ಮೊದಲು. ಆಮೇಲೆ ಅವರು ಕೇಳಿದ ಪಾಠವನ್ನೆಲ್ಲ ಮಾಡಿದೆ. ಮಾತು ನಲ್ಲಿಯ ನೀರಿನ ಹಾಗೆ ಬಂತು, ನಿಲ್ಲಿಸುವುದೇ ಕಷ್ಟವಾಯಿತು. ಬೆಚ್ಚಗಿನ ಇಸ್ತ್ರಿ ಮೇಜಿನ ಮೇಲೇ ಅವರು ಒಪ್ಪಿಗೆಗೆ ಸಹಿ ಹಾಕಿದರು. 'ಮುಂದಿನ ವರ್ಷ ಶೀಟು ಕಟ್ಟಬೇಡಿಮ್ಮ, ನನ್ನ ಕೈಲಿ ಕೆಲಸ ಮಾಡಿಸ್ತೀರಿ' ಎಂದು ಹೇಳಿ ಹೋದರು.

ಅಮ್ಮ ಎದ್ದು ಬಂದಳು. ಮಡಿಸಿದ ಶೀಟನ್ನು ತಿರುಗಿಸಿ ಮುರುಗಿಸಿ ನೋಡಿ ಸ್ಲೇಟಿನ ಮೇಲೆ ಬರೆದಳು: 'ಅಂಚು ಕೂಡಿಲ್ಲ. ಮತ್ತೆ ಮಡಿಸು.' ಬರೆಯುವಾಗ ಸ್ಲೇಟಿನ ಮೇಲೆ ಎರಡು ಹನಿ ಬಿದ್ದು ಅಕ್ಷರ ಕಲಸಿಹೋಯಿತು. ಸೆರಗಿನಿಂದ ಒರೆಸಿ, ಅದನ್ನೇ ಇನ್ನೊಂದು ಸಲ ಬರೆದಳು.

ಮಧ್ಯಾಹ್ನ ಯಾಕಪ್ಪನನ್ನು ಹಿಡಿದು ಕೇಳಿದೆ, ಈಗ ತಿಳಿಯಿತೇನೋ ಎಂದು. 'ಅದನ್ನ ಗುಂಡಮ್ಮನಿಗೆ ಹೇಳಿಕೊಟ್ಟು ತಿಂಗಳಾಯ್ತು ಅಕ್ಕ' ಎಂದ.

'ಮತ್ತೆ ಯಾಕೋ ಕೇಳಿದೆ?'

'ಯಾಕೆ ಅಂತ ನೀನು ಕೇಳ್ತೀಯಾ? ಅದು ನನ್ನ ಕೆಲಸ' ಎಂದು ಓಡಿಹೋದ.

ಅವಳಿಗಳು ಹೊರಗಿನಿಂದ ಕಟ್ಟಿದ ಪರೀಕ್ಷೆಯಲ್ಲಿ ಪಾಸಾದರು. ಇಬ್ಬರ ಅಂಕವೂ ಬೇರೆ ಬೇರೆ ಬಂತೆಂದು ಒಂದು ದಿನ ಮಾತು ಬಿಟ್ಟಿದ್ದರು. ದರ್ಜಿ ಅತ್ತೆ ತಮ್ಮ ಮಗಳನ್ನು ಬೆಳಗಿನ ಹೊತ್ತು ನಮ್ಮಲ್ಲಿಗೆ ಕಳಿಸುತ್ತಾರೆ. ಚೋಟುವಿಗೆ ಕೊನೆಗೂ ಕೆಳಗೊಬ್ಬಳು ಸಿಕ್ಕಳು, ಬೆಕ್ಕಿಗೆ ಬಿಡುಗಡೆಯಾಯಿತು. ನಾನೀಗ ಲಾಂಡ್ರಿಯ ಮುಂಬಾಗಿಲಲ್ಲಿ ಕುಳಿತು ಬಟ್ಟೆ ತೆಗೆದುಕೊಳ್ಳುತ್ತೇನೆ. ಮೊನ್ನೆ ಒಬ್ಬ ಗಿರಾಕಿಯ ಜೊತೆ ಜಗಳವನ್ನೂ ಆಡಿದೆ, ಕಾಲರಿನ ಕಲೆ ನಮ್ಮದಲ್ಲ ಎಂದು. ಗೆದ್ದೆ.

ಅಮ್ಮ ಹೇಳಿದ್ದನ್ನು ಸ್ಲೇಟಿನಲ್ಲಿ ಇದ್ದ ಹಾಗೇ ಬರೆಯುತ್ತೇನೆ: 'ಮಗನೇ, ನೂರು ಕಾಲ ಬಾಳು. ಹೊಟ್ಟೆ ಕಟ್ಟಿ ಓದಬೇಡ. ಕಾಲರು ಉಜ್ಜಿ ಒಗೆ.' ಅಪ್ಪ ಕಾಗದದ ಹತ್ತಿರ ಬಂದು ಬಂದು ಹೋದರು. ಕೊನೆಗೆ, 'ಅವನ ಇಸ್ತ್ರಿಪೆಟ್ಟಿಗೆ ಇನ್ನೂ ಯಾರಿಗೂ ಕೊಟ್ಟಿಲ್ಲ ಅಂತ ಬರಿ' ಎಂದರು. ಬರೆದಿದ್ದೇನೆ. ಚಿಕ್ಕವರೆಲ್ಲರ ನಮಸ್ಕಾರ. ನಿನ್ನ ಆಶೀರ್ವಾದ ನಮ್ಮ ಮೇಲಿರಲಿ.

ನಿನ್ನ ತಂಗಿ,
ಇಲಿಮರಿ

ಮರೆತ ಮಾತು: ಮರೆತದ್ದೇನಲ್ಲ, ಇಷ್ಟು ಹೊತ್ತು ಮುಂದೂಡಿದ್ದೆ. ನೀನು ಮನೆ ಬಿಟ್ಟು ಹೊರಟ ದಿನ ಅಂಗಳದಲ್ಲಿ ಒಣಹಾಕಿದ ಬಟ್ಟೆಗಳ ಹಿಂದೆ ನಾನಿದ್ದೆ. 'ಇವಳೊಬ್ಬಳು ಬಾಯಿ ಬಿಡಲಿಲ್ಲ ಅಂತ ನನ್ನ ಶಾಲೆ ಹೋಯ್ತು' ಎಂದು ನೀನು ಅಮ್ಮನಿಗೆ ಹೇಳಿದ್ದು ಕೇಳಿಸಿತು. ನನಗೆ ಕೇಳಿಸಿಲ್ಲ ಎಂದು ಅಮ್ಮ ಇವತ್ತಿಗೂ ನಂಬಿದ್ದಾಳೆ, ನಂಬಿಕೊಂಡಿರಲಿ. ನೀನು ಹೇಳಿದ್ದು ಸುಳ್ಳಾಗಿದ್ದರೆ ಅಷ್ಟು ನೋಯುತ್ತಿರಲಿಲ್ಲ. ನಿನಗೆ ಸಂಜೆಯ ಶಾಲೆ ಸಿಕ್ಕಿತೆಂದು ಓದಿದಾಗ ಎಲ್ಲರಿಗಿಂತ ಹೆಚ್ಚು ಅತ್ತವಳು ನಾನು, ಸಂತೋಷಕ್ಕೆ. ನೀನು ಹೋದ ಮೇಲೆ ದೊಡ್ಡ ಶೀಟು ಮಡಿಸಲೆಂದು ಅಪ್ಪ ಗೋಡೆಗೆ ಎರಡು ಕೊಕ್ಕೆ ಹೊಡೆದಿದ್ದಾರೆ, ನಿನ್ನ ಕೈ ಬರುತ್ತಿದ್ದ ಎತ್ತರಕ್ಕೇ. ಕೊಕ್ಕೆಗಳು ಗಟ್ಟಿಯಾಗಿ ಹಿಡಿಯುತ್ತವೆ, ಜಾರಿಸುವುದೇ ಇಲ್ಲ. ಆದರೆ ಮಡಿಕೆ ಹಾಕುವಾಗ ಎದುರಿಗೆ ನಡೆದು ಬರುವುದಿಲ್ಲ, ಗೋಡೆಯ ತನಕ ನಾನೇ ಹೋಗಬೇಕು. ರಜೆ ಸಿಕ್ಕಾಗ ಬಾ ಅಣ್ಣ. ನನ್ನ ತುದಿಯಿಂದ ನಾನು ಹೊರಟಿದ್ದೇನೆ.